ಕುದುರೆ ಬಲ್ಲವರಿಗೆ ಮಾತ್ರ

ಚೀಟಿ ಬರೆದದ್ದು ಮಗಳು. ನಾನು ಬರೆಯುತ್ತೇನೆ ಅಂದದ್ದಕ್ಕೆ, "ನೀನು ಬರೆದ್ರೆ ಕಿಟಕಿ ಅಳತೆ ಬರೆದ ಹಾಗಿರುತ್ತೆ, ಬಿಡಪ್ಪಾ" ಅಂದಳು. ಬಡಗಿಯ ಮಗಳು ಬಡಗಿಗೆ ಹೇಳುವ ಮಾತು ಅದು. ಕೊನೆಗೆ ಅವಳು ಬರೆದದ್ದೂ ಹೆಚ್ಚುಕಡಿಮೆ ಹಾಗೇ ಇತ್ತು.

"ಸವಾರಿ ಕುದುರೆ. ಹೆಣ್ಣು. ಹನ್ನೊಂದು ವರ್ಷ. ಕಂದು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ. ಆರೋಗ್ಯ ಚೆನ್ನಾಗಿದೆ, ಓಟ ಇನ್ನೂ ಚೆನ್ನಾಗಿದೆ. ಕುದುರೆ ಬಲ್ಲವರಿಗೆ ಮಾತ್ರ. ಮಕ್ಕಳಿಗೆ, ಹೊಸಬರಿಗೆ, ಫೋಟೋ ತೆಗೆಸಿಕೊಳ್ಳುವವರಿಗೆ ಆಗುವುದಿಲ್ಲ. ಬಕೆಟ್ ಕಚ್ಚುತ್ತಾಳೆ. ಗಾಡಿಗೆ ಹೂಡುವವರು ದಯವಿಟ್ಟು ಬರಬೇಡಿ. ದುಡ್ಡು ಬೇಡ, ಜಾಗ ನೋಡಿ ಕೊಡುತ್ತೇವೆ."

"ಬಕೆಟ್ ವಿಷಯ ಊರಿಗೆಲ್ಲ ಸಾರಬೇಕೇನೇ?" ಅಂದಳು ನನ್ನ ಹೆಂಡತಿ.

"ನಿಜ ತಾನೇ ಅಮ್ಮಾ?"

"ನಿಜ ಕಣೇ. ನಿನ್ನ ಅಪ್ಪ ಗೊರಕೆ ಹೊಡೆಯೋದೂ ನಿಜ. ಅದನ್ನ ನಾನು ಬಾಗಿಲ ಮೇಲೆ ಅಂಟಿಸಿದೀನಾ?"

ಮಗಳು ಒಂದಕ್ಷರ ಅಳಿಸಲಿಲ್ಲ. ಮೇವಿನ ಅಂಗಡಿಯಲ್ಲಿ ಒಂದು, ಪಶು ಆಸ್ಪತ್ರೆಯ ಗೋಡೆಯಲ್ಲಿ ಒಂದು, ಲಾಳ ಕಟ್ಟುವವನ ಕೈಯಲ್ಲಿ ಒಂದು ಕೊಟ್ಟು ಬಂದಳು.

ಕುದುರೆಯ ಹೆಸರು ಸಿಡುಕಿ. ಐದು ವರ್ಷದ ಹಿಂದೆ ಊರಾಚೆಯ ಸವಾರಿ ಶಾಲೆಯಲ್ಲಿ ಲಾಯದ ಬಾಗಿಲು ರಿಪೇರಿಗೆ ಅಂತ ನನ್ನನ್ನು ಕರೆಸಿದ್ದರು. ನಾನು ಕೂರಿಸಿದ ಬಾಗಿಲನ್ನು ಇವಳು ಮೂರು ಸಲ ಒದ್ದು ಮುರಿದಳು. ನಾಲ್ಕನೇ ಸಲ ಶಾಲೆಯ ಮೇಷ್ಟ್ರು, "ಇನ್ನು ಬಾಗಿಲು ಬೇಡ, ಕುದುರೇನೇ ಕಳಿಸಿಬಿಡ್ತೀನಿ" ಅಂದರು. ರಜೆ ಅಂತ ನನ್ನ ಜೊತೆ ಬಂದು ಮೊಳೆ ಹಿಡಿದುಕೊಂಡು ಕೂರುತ್ತಿದ್ದ ಮಗಳಿಗೆ ಆಗ ಹನ್ನೆರಡು. ಹತ್ತು ದಿನದಿಂದ ಆ ಬಾಗಿಲ ಮುಂದೆಯೇ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದಳು. ಹನ್ನೊಂದನೇ ದಿನ ಸಿಡುಕಿ ತಲೆ ಹೊರಗೆ ಹಾಕಿ, ಪುಸ್ತಕದ ಒಂದು ಹಾಳೆ ಕಿತ್ತು ಅಗಿದು ನುಂಗಿದಳು. "ಭಾಗಾಕಾರ ತಿಂದುಬಿಟ್ಟಳು ಅಪ್ಪಾ" ಅಂತ ಮಗಳು ನಕ್ಕಾಗಲೇ ನನಗೆ ಗೊತ್ತಾಯಿತು, ಈ ಕುದುರೆ ನಮ್ಮ ಮನೆಗೇ ಬರುವುದು ಅಂತ.

ಜಾಗ ಎಲ್ಲಿ? ಮನೆಯ ಪಕ್ಕದ ಗೋಡೆಗೂ ಕಾಂಪೌಂಡಿಗೂ ನಡುವೆ ಆರೂವರೆ ಅಡಿ ಅಗಲದ ಓಣಿಯೊಂದಿತ್ತು, ಹಿತ್ತಿಲಿಗೆ ಹೋಗುವುದು. ಅದಕ್ಕೆ ಮಾಡು ಹಾಕಿದೆ. ಹಳೇ ಗೋದಾಮಿನಿಂದ ಬಂದ ದಪ್ಪ ಹಲಗೆಗಳನ್ನು ನೆಲಕ್ಕೆ ಹಾಸಿದೆ. ಬೀದಿಯ ತುದಿಯನ್ನು ಹಲಗೆಯಿಂದ ಮುಚ್ಚಿ, ಅಲ್ಲೇ ಮೇವಿನ ಗೋದಲಿ ಕೂರಿಸಿದೆ. ಸಿಡುಕಿ ಹಿತ್ತಿಲಿಂದ ಒಳಗೆ ಬಂದು ಬೀದಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಅವಳ ಎಡಮೈಗೆ ಮನೆಯ ಗೋಡೆ. ಬಲಕ್ಕೆ ಒಬ್ಬರು ಓಡಾಡುವಷ್ಟು ಜಾಗ. ನಾನು ಮಾಡಿದ ಕೆಲಸಗಳಲ್ಲಿ ಯಾವುದಕ್ಕೂ ಆ ಓಣಿಗೆ ಸಿಕ್ಕಷ್ಟು ಹೊಗಳಿಕೆ ಸಿಕ್ಕಿಲ್ಲ. ಐದು ವರ್ಷ ಅವಳು ಅಲ್ಲಿ ಒಂದು ಹಲಗೆ ಮುರಿಯಲಿಲ್ಲ.

ಸವಾರಿ ಹಿತ್ತಿಲ ಹಿಂದಿನ ಖಾಲಿ ಮೈದಾನದಲ್ಲಿ. ಬೆಳಿಗ್ಗೆ ಶಾಲೆಗೆ ಮೊದಲು ಒಂದು ಗಂಟೆ, ಸಂಜೆ ಒಂದು ಗಂಟೆ, ಒಂದು ದಿನ ತಪ್ಪಿಸಿದವಳಲ್ಲ ನನ್ನ ಮಗಳು. ಮೊದಲ ವರ್ಷ ಸಿಡುಕಿ ಅವಳನ್ನು ಎಷ್ಟು ಸಲ ಕೆಳಗೆ ಹಾಕಿದಳೋ. ಮೂರನೇ ವರ್ಷದ ಹೊತ್ತಿಗೆ ನಾಲಿಗೆ ಲೊಟ್ಟೆ ಹೊಡೆದರೆ ಓಟ, ಉಸಿರು ಬಿಟ್ಟರೆ ನಿಲುಗಡೆ. ನಾನು ಗರಗಸ ಬದಿಗಿಟ್ಟು ನೋಡುತ್ತಾ ನಿಂತುಬಿಡುತ್ತಿದ್ದೆ.

ಈಗ ಆ ಮೈದಾನದಲ್ಲಿ ಬಸ್ ಡಿಪೋ ಬರುತ್ತಿದೆ. ಮೂವತ್ತನೇ ತಾರೀಕಿಗೆ ಸುತ್ತ ಗೋಡೆ ಮುಗಿಯುತ್ತದೆ ಅಂತ ಮೇಸ್ತ್ರಿ ಬಂದು ಹೇಳಿ ಹೋದ. ಓಡುವ ಕುದುರೆಯನ್ನು ಆರೂವರೆ ಅಡಿ ಓಣಿಯಲ್ಲಿ ನಿಲ್ಲಿಸಿ ಸಾಕುತ್ತೇವೆ ಅಂದರೆ ಅದು ಸಾಕುವುದಲ್ಲ. ಮಗಳೇ ಆ ಮಾತು ಮೊದಲು ಎತ್ತಿದಳು. ಊಟ ಮಾಡುತ್ತಾ, ತಟ್ಟೆ ನೋಡಿಕೊಂಡು, "ಅವಳಿಗೆ ಬೇರೆ ಮನೆ ನೋಡೋಣ ಅಪ್ಪಾ" ಅಂದಳು. ಆಮೇಲೆ ಎದ್ದು ಹೋಗಿ ಚೀಟಿ ಬರೆದಳು.

ಚೀಟಿ ನೋಡಿ ಮೊದಲು ಬಂದವನು ಗಾಡಿಗೆ ಕುದುರೆ ಒದಗಿಸುವ ದಲ್ಲಾಳಿ. ಬರಬೇಡಿ ಅಂತ ಬರೆದದ್ದನ್ನು ಓದಿಕೊಂಡೇ ಬಂದಿದ್ದ. ನಗುಮುಖದ ಮನುಷ್ಯ.

"ನನಗೆ ಅವಸರ ಇಲ್ಲ ಯಜಮಾನ್ರೇ. ಯಾರ್ಯಾರು ಬರ್ತಾರೋ ಬರಲಿ. ಯಾರಿಗೂ ಬೇಡದ್ದು ಕೊನೆಗೆ ನನ್ನ ಹತ್ರಾನೇ ಬರೋದು. ಮೂವತ್ತಕ್ಕೆ ಹಗ್ಗ ತರ್ತೀನಿ."

ಅವನ ಹಿಂದೆ ಬಂದವರು ಕಾರಿನವರು. ಎರಡು ಎಕರೆ ಹುಲ್ಲು, ಹೊಸ ಲಾಯ, ಎಲ್ಲ ಇದೆ ಅಂದರು. ನನಗೆ ಅಲ್ಲೇ ಮನಸ್ಸಾಯಿತು. ಮಗಳು ಕೇಳಿದಳು, "ಸವಾರಿ ಯಾರು ಮಾಡೋದು?"

"ನಮ್ಮ ಪಾಪು. ಒಂಬತ್ತು ವರ್ಷ."

"ಆಗಲ್ಲ ಸರ್."

"ನೋಡೋಕೆ ಹಸು ಥರ ಇದೆಯಲ್ಲಮ್ಮಾ."

"ನೋಡೋಕೆ ಹಾಗೇ ಇರ್ತಾಳೆ."

ಕಾರು ಹೋದ ಮೇಲೆ ನಾನು ಗೊಣಗಿದೆ. ಎರಡು ಎಕರೆ ಹುಲ್ಲು ಬೀದಿಯಲ್ಲಿ ಬಿದ್ದಿರುತ್ತದೆಯೇ? ಮಗಳು ಹೇಳಿದಳು, "ಆ ಪಾಪು ಬಿದ್ರೆ ಮಾರನೇ ದಿನ ಸಿಡುಕಿ ದಲ್ಲಾಳಿ ಮನೇಲಿರ್ತಾಳೆ. ಸುತ್ತು ಹಾಕಿ ಅಲ್ಲಿಗೇ ಕಳಿಸಿದ ಹಾಗಾಯ್ತು."

ಹದಿನೈದನೇ ತಾರೀಕು ಲಾಳದವನು ಒಬ್ಬರನ್ನು ಕರೆದುಕೊಂಡು ಬಂದ. ಪೊಲೀಸ್ ಕುದುರೆ ದಳದಲ್ಲಿ ಮೂವತ್ತೆರಡು ವರ್ಷ ಇದ್ದು ನಿವೃತ್ತರಾದ ದಫೇದಾರರು. ಎತ್ತರದ ಆಳು, ಹಳೇ ಬೂಟು, ಆದರೆ ಮುಖ ನೋಡಿಕೊಳ್ಳುವ ಹಾಗೆ ಪಾಲಿಶ್. ಊರ ಅಂಚಿನಲ್ಲಿ ಬೇಲಿ ಹಾಕಿದ ಹುಲ್ಲುಗಾವಲು, ಜೊತೆಗಾರ ಸತ್ತು ಒಂಟಿಯಾದ ಒಂದು ಗಂಡು ಕುದುರೆ. ಸಿಡುಕಿಯ ಹಲ್ಲು ನೋಡಿದರು, ಮುಖದ ಮುಂದೆ ನಿಂತು ಮೆಲ್ಲಗೆ ಏನೋ ಮಾತಾಡಿದರು. ಮಗಳು ನನ್ನ ಕಿವಿಯಲ್ಲಿ, "ಇವರೇ ಅಪ್ಪಾ" ಅಂದಳು.

ಹಿತ್ತಿಲಲ್ಲಿ ಜೀನು ಹಾಕಿ ನಿಲ್ಲಿಸಿದ್ದೆವು. ದಫೇದಾರರು ಕುದುರೆಯ ಪಕ್ಕಕ್ಕೆ ಬಂದು, ಲಗಾಮು ಹಿಡಿದು, ಜೀನಿನಿಂದ ತೂಗುವ ರಿಕಾಪಿಗೆ ಕಾಲಿಟ್ಟರು. ಸಿಡುಕಿಯ ಕಿವಿ ಹಿಂದಕ್ಕೆ ಮಲಗಿತು. ಗಿರಕ್ಕನೆ ತಿರುಗಿದಳು. ಅವರು ಹೋಗಿ ನನ್ನ ಮರದ ಹೊಟ್ಟಿನ ರಾಶಿಯಲ್ಲಿ ಕೂತರು. ಎದ್ದು, ಪ್ಯಾಂಟು ಕೊಡವಿ, ಎರಡನೇ ಸಲ ಬಂದರು. ಈಗ ಇನ್ನೂ ನಿಧಾನ, ಕತ್ತಿನ ಮೇಲೆ ಕೈ, ಬಾಯಲ್ಲಿ ಮುದ್ದಿನ ಮಾತು. ಮತ್ತೆ ಹೊಟ್ಟಿನ ರಾಶಿ. ಮೂರನೇ ಸಲ ಸಿಡುಕಿ ಒದೆಯಲು ಕಾಲೆತ್ತಿದಳು. ಅವರು ಹಿಂದೆ ಸರಿದರು.

"ಎಡಗಾಲು ಎರಡೂ ಹಾಗೇ ಸ್ವಾಮಿ" ಅಂದ ಲಾಳದವನು. "ಬಲಗಾಲು ಕೇಳಿದ್ರೆ ಕೊಡ್ತಾಳೆ. ಎಡಗಾಲು ಕೇಳಿದ್ರೆ ಆಸ್ತಿ ಕೇಳಿದ ಹಾಗೆ ಮುಖ ಮಾಡ್ತಾಳೆ."

ಯಾರೂ ಅವನ ಮಾತಿಗೆ ಕಿವಿ ಕೊಡಲಿಲ್ಲ. ದಫೇದಾರರು ನಲ್ಲಿಯ ಹತ್ತಿರ ನಮಗೆ ಬೆನ್ನು ಹಾಕಿ ಮೊಣಕೈ ತೊಳೆಯುತ್ತಿದ್ದರು, ನನ್ನ ಹೆಂಡತಿ ಟವೆಲ್ ಹಿಡಿದು ನಿಂತಿದ್ದಳು. ಅವರು ತಿರುಗುವಷ್ಟರಲ್ಲಿ ಮಗಳು ಆಗಲೇ ಜೀನಿನ ಮೇಲೆ. ಮೈದಾನಕ್ಕೆ ಇಳಿಸಿ, ಇಟ್ಟಿಗೆ ರಾಶಿಗಳ ನಡುವೆ ಸುತ್ತಿಸಿ, ಓಡಿಸಿ, ಒಂದು ಉಸಿರಿಗೆ ನಿಲ್ಲಿಸಿ ತಂದಳು. ನೋಡಿ ಅನ್ನುವ ಹಾಗೆ ನಿಂತಳು.

ದಫೇದಾರರು ಟವೆಲ್ ಮಡಚಿ ನನ್ನ ಹೆಂಡತಿಗೆ ಕೊಟ್ಟರು. "ಚೆನ್ನಾಗಿ ಕೂರ್ತೀಯ ಮಗೂ. ಅದಕ್ಕೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಒಬ್ಬರಿಗೇ ಬಗ್ಗೋ ಕುದುರೇನ ಪಳಗಿದ ಕುದುರೆ ಅನ್ನಲ್ಲ. ಮುದ್ದಿನಿಂದ ಕೆಟ್ಟ ಕುದುರೆ ಅಂತೀವಿ. ಇವಳನ್ನ ಯಾರಿಗೂ ಕೊಡಬೇಡ. ನಾಳೆ ಯಾರದಾದ್ರೂ ಸೊಂಟ ಮುರಿದ್ರೆ ಅದು ನಿನ್ನ ಲೆಕ್ಕಕ್ಕೆ."

ಬೈದಿದ್ದರೆ ಅವಳು ಎದುರಾಡುತ್ತಿದ್ದಳು. ಅವರು ಬೈಯಲಿಲ್ಲ. ಮೂರನೇ ದಿನ ಮೇವಿನ ಅಂಗಡಿಗೆ ಹೋಗಿ ಚೀಟಿ ಕಿತ್ತು ತಂದು ಮೇಜಿನ ಮೇಲಿಟ್ಟಳು.

"ಅವರು ಹೇಳಿದ್ದು ಸರಿ ಇದ್ರೆ, ನಾನು ಐದು ವರ್ಷ ಮಾಡಿದ್ದು ಅವಳನ್ನ ಕೆಡಿಸಿದ್ದು ಅಷ್ಟೇ. ಅಲ್ವಾ ಅಪ್ಪಾ?"

ನಾನು ಚೀಟಿ ಮಡಚಿ ಜೇಬಿಗಿಟ್ಟೆ. ದಲ್ಲಾಳಿಯ ಹಗ್ಗ ಮಾತ್ರ ಕಣ್ಣ ಮುಂದೆ ಇತ್ತು.

ಆ ಭಾನುವಾರ ನಾನು ಓಣಿಯ ಹಲಗೆ ಬಿಚ್ಚುವುದಕ್ಕೆ ಅಳತೆ ಹಿಡಿಯೋಣ ಅಂತ ಮಂಡಿಯೂರಿ ಕೂತೆ. ಸಿಡುಕಿ ಹಿತ್ತಿಲಲ್ಲಿದ್ದಳು. ಗುಡಿಸಿ ತೊಳೆದ ನೆಲ. ಮರ ಸವೆದದ್ದನ್ನು ಓದುವುದು ನನ್ನ ಕಸುಬು. ಯಾವ ಮೆಟ್ಟಿಲನ್ನು ಯಾರು ಹೇಗೆ ತುಳಿದರು, ಯಾವ ಡ್ರಾಯರನ್ನು ಯಾವ ಕೈಯಿಂದ ಎಳೆದರು ಅಂತ ಮರ ನೋಡಿ ಹೇಳಬಲ್ಲೆ. ಇಲ್ಲಿ ಬಲಗಡೆಯ ಹಲಗೆಯೊಂದು ನಡುವೆ ಹಳ್ಳವಾಗಿತ್ತು. ಒಂದು ಬೆರಳಿನ ದಪ್ಪ. ನನ್ನ ಮಗಳ ಪಾದ ಐದು ವರ್ಷ ನಿಂತ ಜಾಗ. ಅಲ್ಲೇ ನಿಂತು ಮೈ ಉಜ್ಜಿದ್ದು, ಅಲ್ಲೇ ನಿಂತು ಜೀನು ಬಿಗಿದದ್ದು, ಕಡಿವಾಣ ಹಾಕಿದ್ದು. ಎಡಗಡೆ ನೋಡಿದೆ. ಗೋಡೆ ಕುದುರೆಯ ಮೈ ತಿಕ್ಕಿ ನುಣುಪಾಗಿತ್ತು. ಗೋಡೆ ಪಕ್ಕದ ಹಲಗೆ, ನಾನು ಹಾಸಿದ ದಿನ ಹೇಗಿತ್ತೋ ಹಾಗೇ ಇತ್ತು. ಮನುಷ್ಯರು ಆ ಕಡೆ ಕಾಲಿಟ್ಟೇ ಇರಲಿಲ್ಲ. ಇಡುವುದಕ್ಕೆ ನಾನು ಜಾಗ ಬಿಟ್ಟಿರಲಿಲ್ಲ.

"ಬಾ ಇಲ್ಲಿ" ಅಂತ ಮಗಳನ್ನು ಕರೆದೆ. "ನೀನು ಯಾವ ಕಡೆಯಿಂದ ಹತ್ತೋದು?"

"ಬಲಗಡೆ."

"ದಫೇದಾರರು?"

"ಎಡ..." ಅಂದವಳು ಗೋಡೆಯ ಕಡೆ ತಿರುಗಿದಳು. ಲೋಕವೆಲ್ಲ ಕುದುರೆಯನ್ನು ಎಡಗಡೆಯಿಂದ ಹತ್ತುತ್ತದೆ ಅಂತ ಅವಳಿಗೆ ಗೊತ್ತಿಲ್ಲದ್ದಲ್ಲ, ಸವಾರಿ ಶಾಲೆಯಲ್ಲಿ ಕಣ್ಣಾರೆ ನೋಡಿದ್ದಳು. ಆದರೆ ನಮ್ಮ ಓಣಿಯಲ್ಲಿ ಎಡಗಡೆ ಅನ್ನುವುದೇ ಇರಲಿಲ್ಲ. ಓಣಿಯಲ್ಲಿ ಆದ ಅಭ್ಯಾಸ ಹಿತ್ತಿಲಿಗೂ ಬಂತು. ಎಡಮೈ ಉಜ್ಜುವಾಗಲೂ ಇವಳು ಬಲಗಡೆ ನಿಂತೇ ಬೆನ್ನ ಮೇಲಿಂದ ಬಾಗಿ ಉಜ್ಜುತ್ತಿದ್ದಳು. ನಾನು ದಿನಾ ನೋಡುತ್ತಿದ್ದೆ, ನೋಡಿಯೂ ಕಂಡಿರಲಿಲ್ಲ.

ಅವಳು ಹೊರಗೆ ಹೋಗಿ ಜೀನು ಹಾಕಿ, ಸಿಡುಕಿಯ ಎಡಗಡೆಗೆ ಬಂದು, ರಿಕಾಪಿಗೆ ಕಾಲಿಟ್ಟಳು.

ಐದು ವರ್ಷ ಅವಳನ್ನು ಹೊತ್ತ ಕುದುರೆ ಗಿರಕ್ಕನೆ ತಿರುಗಿತು. ಮಗಳು ಹೋಗಿ ದಫೇದಾರರು ಕೂತ ಜಾಗದಲ್ಲೇ, ಅದೇ ಹೊಟ್ಟಿನ ರಾಶಿಯಲ್ಲಿ ಕೂತಳು. ಕೂತವಳು ನಗತೊಡಗಿದಳು. ತಲೆತುಂಬ ಹೊಟ್ಟು. "ನನ್ನನ್ನೂ ಹಾಕಿದಳು ಅಪ್ಪಾ. ನನ್ನನ್ನೂ." ಎಷ್ಟೋ ದಿನದಿಂದ ಕೇಳಿರದ ನಗು. ಅಡುಗೆಮನೆಯ ಕಿಟಕಿಯಿಂದ ನನ್ನ ಹೆಂಡತಿ, "ಬಿದ್ದಿದ್ದಕ್ಕೆ ಅಪ್ಪ ಮಗಳು ಹಬ್ಬ ಮಾಡ್ತಿದೀರಲ್ಲ" ಅಂದಳು.

"ದಫೇದಾರರನ್ನ ಕರ್ಕೊಂಡು ಬರ್ಲಾ?" ಅಂದೆ.

"ಈಗ ಬೇಡ. ಬರಿ ಸಬೂಬು ಹೇಳಿದ ಹಾಗಾಗುತ್ತೆ. ಮೊದಲು ಕಲಿಸೋಣ. ಇನ್ನೂ ಹನ್ನೊಂದು ದಿನ ಇದೆ."

ತಪ್ಪು ನನ್ನ ಸುತ್ತಿಗೆಯದು, ಸರಿಪಡಿಸುವುದೂ ಅದರ ಕೆಲಸವೇ. ಆ ಮಧ್ಯಾಹ್ನವೇ ಬೀದಿಯ ತುದಿಯ ಹಲಗೆ ಕಿತ್ತು ಅಲ್ಲಿ ಬಾಗಿಲು ಕೂರಿಸಿದೆ. ಗೋದಲಿಯನ್ನು ಹೊತ್ತು, ಬೇಕಾದಾಗ ಸರಿಸುವ ಹಾಗೆ, ಹಿತ್ತಿಲ ತುದಿಗೆ ಹಾಕಿದೆ. ಸಿಡುಕಿ ಈಗ ಬೀದಿಯಿಂದ ಒಳಗೆ ಬಂದು ಹಿತ್ತಿಲ ಕಡೆ ಮುಖ ಮಾಡಿ ನಿಂತಳು. ಗೋಡೆ ಬಲಕ್ಕಾಯಿತು. ಐದು ವರ್ಷ ಗೋಡೆಗಂಟಿದ್ದ ಎಡಮೈ ನಮ್ಮ ಕಡೆ ಬಂತು. ಮೊದಲ ರಾತ್ರಿ ಅವಳು ಮೇವು ಮುಟ್ಟಲಿಲ್ಲ, ಹೊಸ ಬಕೆಟ್ ಮಾತ್ರ ಚೂರು ಮಾಡಿದಳು.

ಮಗಳು ಎರಡು ದಿನ ಎಡಗಡೆ ಸುಮ್ಮನೆ ನಿಂತಳು, ಭುಜದ ಮೇಲೆ ಕೈಯಿಟ್ಟು. ಆಮೇಲೆ ಬ್ರಶ್ಶು. ಆಮೇಲೆ ಜೀನು. ನಾನು ಕೆಲಸದಿಂದ ಬಂದು ಕೈಕಾಲು ತೊಳೆಯುವ ಮೊದಲೇ ಲಗಾಮು ನನ್ನ ಕೈಗೆ ಬರುತ್ತಿತ್ತು. ನಿಂತಲ್ಲೇ ಕಣ್ಣು ಎಳೆಯುತ್ತಿತ್ತು. "ಅಪ್ಪಾ, ನೀನು ನಿದ್ದೆ ಮಾಡಿದ್ರೆ ಅವಳೂ ಮಾಡ್ತಾಳೆ, ಒಳ್ಳೇದೇ" ಅನ್ನುತ್ತಿದ್ದಳು. ಆರನೇ ದಿನ ರಿಕಾಪಿನ ಮೇಲೆ ಭಾರ ಬಿಟ್ಟಳು. ಎಂಟನೇ ದಿನ ಕಾಲು ಆಚೆ ಹಾಕಿ ಕೂತಳು. ಸಿಡುಕಿಯ ಕಿವಿ ಒಂದು ಹಿಂದೆ, ಒಂದು ಮುಂದೆ. ಆದರೆ ನಿಂತಳು.

"ನಾನೊಬ್ಬಳೇ ಹತ್ತಿದ್ರೆ ಸಾಲದು" ಅಂದಳು ಮಗಳು. "ಅಮ್ಮಾ, ಬಾ."

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸದವಳು. ಅವಳ ಕೈಯ ಸೋಪಿನ ವಾಸನೆಗೆ ಸಿಡುಕಿ ಯಾವಾಗಲೂ ಮೂಗು ಮುರಿಯುತ್ತಿದ್ದಳು. "ನಾನಾ? ನನ್ನ ಸೊಂಟ ನೋಡಿದೀಯಾ? ಕುದುರೆಗೂ ಒಂದು ಮರ್ಯಾದೆ ಬೇಡ್ವಾ?" ಅನ್ನುತ್ತಲೇ ಸೆರಗು ಬಿಗಿದು ಬಂದಳು. ಎಡಗಾಲು ರಿಕಾಪಿಗಿಟ್ಟು, ನನ್ನ ಹೆಗಲು ಹಿಡಿದು ಮೇಲೆದ್ದು, ಹತ್ತು ಎಣಿಸುವಷ್ಟು ಹೊತ್ತು ನಿಂತು ಇಳಿದಳು. ಸಿಡುಕಿ ತಲೆ ತಿರುಗಿಸಿ ಅವಳ ಕೈ ಮೂಸಿ ಸೀನಿದಳು, ಅಷ್ಟೇ.

"ಇವತ್ತಿಗೆ ಇಷ್ಟು ಸಾಕು" ಅಂದಳು ನನ್ನ ಹೆಂಡತಿ, ತಾನೇ ಪಳಗಿಸಿದವಳ ಹಾಗೆ.

ಮಾರನೇ ದಿನ ಮಗಳು ಸೈಕಲ್ ತುಳಿದುಕೊಂಡು ದಫೇದಾರರ ಮನೆಗೆ ಹೋದಳು. ಜೊತೆಗೆ ಬರುತ್ತೇನೆ ಅಂದೆ, ಬೇಡ ಅಂದಳು. ಬಂದು ಹೇಳಿದ್ದು ಇಷ್ಟು: ಅವರು ಎಲ್ಲ ಕೇಳಿ, ಒಂದೇ ಪ್ರಶ್ನೆ ಹಾಕಿದರಂತೆ. "ಆವತ್ತು ನಾನು ಕೈ ತೊಳೀತಿದ್ದಾಗ ನೀನು ಬಲಗಡೆಯಿಂದ ಹತ್ತಿದೆಯಾ?" ಹೌದು ಅಂದಳಂತೆ. ಅವರು ತಲೆ ಮೇಲೆ ಕೈಯಿಟ್ಟುಕೊಂಡು, "ಮೂವತ್ತೆರಡು ವರ್ಷ ಕುದುರೆ ನೋಡಿದವನು, ನಲ್ಲಿ ನೋಡ್ತಾ ನಿಂತಿದ್ದೆ" ಅಂದರಂತೆ.

ಮೂವತ್ತನೇ ತಾರೀಕು ಬೆಳಿಗ್ಗೆ ಬಂದರು. ಅದೇ ಬೂಟು. ಗೇಟಿನ ಹತ್ತಿರ ದಲ್ಲಾಳಿಯೂ ಹಗ್ಗ ಹಿಡಿದು ನಿಂತಿದ್ದ. "ನೋಡ್ಕೊಂಡು ಹೋಗ್ತೀನಿ, ನನ್ನದೇನು ತಕರಾರಿಲ್ಲ" ಅಂದ.

ಮಗಳ ಕೈಯಲ್ಲಿ ಒಂದು ಕಾಗದ. "ಮೊದಲು ನಾನು ಕೇಳ್ಬೇಕು. ಬೇಲಿ ಎಷ್ಟು ಎತ್ತರ?"

"ಐದಡಿ ಅಮ್ಮಾ."

"ನೀರು?"

"ಹರಿಯೋ ನೀರಿದೆ."

"ದಿನಾ ಸವಾರಿ?"

"ಬೆಳಿಗ್ಗೆ ಒಂದು ಗಂಟೆ. ಸಂಜೆ ಮಂಡಿ ಒಪ್ಪಿದ್ರೆ ಇನ್ನೊಂದು ಗಂಟೆ." ದಫೇದಾರರು ಮೇಲಧಿಕಾರಿ ಮುಂದೆ ನಿಂತ ಹಾಗೆ ನಿಂತು ಹೇಳುತ್ತಿದ್ದರು.

"ಬಕೆಟ್ ಕಚ್ಚುತ್ತಾಳೆ."

"ನನ್ನದು ಕಬ್ಬಿಣದ ಬಕೆಟ್."

ಮಗಳು ಕಾಗದ ಮಡಚಿದಳು. ಸಿಡುಕಿಯನ್ನು ಹಿತ್ತಿಲಿಗೆ ತಂದು ನಿಲ್ಲಿಸಿ, "ಎಡಗಡೆಯಿಂದ ಹತ್ತಬಹುದು ಸರ್. ಕಲಿಸಿದೀನಿ" ಅಂದಳು.

ದಫೇದಾರರು ಎಡಗಡೆಗೆ ಹೋಗಲಿಲ್ಲ. ಕುದುರೆಯ ಮುಂದಿನಿಂದ ಸುತ್ತಿ ಬಲಗಡೆಗೆ ಬಂದರು. "ಹನ್ನೊಂದು ದಿನದಲ್ಲಿ ಅವಳು ನನ್ನ ಕಡೆ ಕಲಿತಿದಾಳೆ. ನಾನು ಒಂದು ಸಲ ಅವಳ ಕಡೆಯಿಂದ ಹತ್ತಬೇಡ್ವಾ?"

ಅಷ್ಟು ದೊಡ್ಡ ಸವಾರ, ಆ ಕಡೆಯಿಂದ ಹತ್ತುವಾಗ ಕೂಸಿನ ಹಾಗಾದರು. ತಪ್ಪು ಕಾಲು ಎತ್ತಿದರು, ಇಳಿಸಿದರು, ಒಂಟಿಕಾಲಲ್ಲಿ ಎರಡು ಸಲ ಕುಪ್ಪಳಿಸಿದರು. ದಲ್ಲಾಳಿಗೆ ನಗು ತಡೆಯಲಾಗಲಿಲ್ಲ. ಸಿಡುಕಿ ನೆಟ್ಟ ಕಂಬದ ಹಾಗೆ ನಿಂತಿದ್ದಳು. ಮೇಲೆ ಹೋದರು. ಒಂದು ಸುತ್ತು ಬಂದು ಎಡಗಡೆಯಿಂದ ಇಳಿದು, ಎಡಗಡೆಯಿಂದಲೇ ಮತ್ತೆ ಹತ್ತಿದರು. ಕಿವಿ ಒಂದು ಸಲ ಆಡಿತು, ಕಾಲು ಅಲ್ಲಾಡಲಿಲ್ಲ. ನಾನು ಆಗ ಉಸಿರು ಬಿಟ್ಟೆ. ಅದನ್ನು ಕೇಳಿ ಕುದುರೆ ಇನ್ನಷ್ಟು ಗಟ್ಟಿಯಾಗಿ ನಿಂತಿತು.

"ಆವತ್ತು ಕೆಟ್ಟ ಕುದುರೆ ಅಂದಿದ್ದೆ" ಅಂದರು ಜೀನಿನ ಮೇಲಿಂದ. "ಆ ಮಾತು ವಾಪಸ್ ತಗೊಂಡೆ. ಕೆಟ್ಟ ಕುದುರೆ ಒಂದೇ ಕಡೆ ಕೆಟ್ಟಿರಲ್ಲ. ನಮ್ಮ ದಳದಲ್ಲಿ ಅರವತ್ತು ಕುದುರೆ ಇದ್ವು. ಎರಡೂ ಕಡೆಯಿಂದ ಹತ್ತಿಸಿಕೊಳ್ಳೋದು ಒಂದೂ ಇರಲಿಲ್ಲ. ಭಾನುವಾರ ಬಾ ಮೇಷ್ಟ್ರಮ್ಮ. ನಮ್ಮನೆ ಮುದುಕ ಕುದುರೆಗೂ ಬಲಗಡೆ ಕಲಿಸು."

ದಲ್ಲಾಳಿ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡ. "ಇದು ನನ್ನ ಹತ್ರ ಬರೋ ಕುದುರೆ ಅಲ್ಲ ಬಿಡಿ" ಅಂತ ಅವನೇ ಗೇಟು ತೆಗೆದು ದಾರಿ ಬಿಟ್ಟ.

ಮಗಳು ಸಿಡುಕಿಯ ಹಣೆಯ ಚುಕ್ಕೆಯ ಮೇಲೆ ಒಂದು ಸಲ ಕೈಯಿಟ್ಟು ತೆಗೆದಳು. ಕುದುರೆ ಬೀದಿಗೆ ಇಳಿಯಿತು. ಮೂಲೆಯ ಔಷಧಿ ಅಂಗಡಿ ದಾಟುವವರೆಗೂ ನಾವು ಮೂವರೂ ಗೇಟಿನಲ್ಲಿ ನಿಂತಿದ್ದೆವು. ನನ್ನ ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡು, "ತಿರುಗಿ ಕೂಡ ನೋಡ್ಲಿಲ್ಲ, ಕೊಬ್ಬು" ಅಂದಳು.

"ನೋಡ್ಬಾರದು ಅಮ್ಮಾ" ಅಂದಳು ಮಗಳು. ಕಣ್ಣು ತುಂಬಿತ್ತು, ಕುತ್ತಿಗೆ ಮಾತ್ರ ನೆಟ್ಟಗಿತ್ತು. "ಮೇಲೆ ಸರಿಯಾದವರು ಕೂತಿದ್ರೆ ಕುದುರೆ ಮುಂದೆ ನೋಡುತ್ತೆ. ನಾನೇ ಕಲಿಸಿದ್ದು."

ಓಣಿ ಬಿಚ್ಚಿ ಆಯಿತು. ಹಲಗೆಗಳಲ್ಲಿ ಹೆಚ್ಚಿನವು ಯಾರದೋ ಮನೆಯ ಅಟ್ಟಕ್ಕೆ ಹೋದವು. ಒಂದು ಮಾತ್ರ ನನ್ನ ಅಂಗಡಿಯಲ್ಲಿ ಗೋಡೆಗೆ ಒರಗಿದೆ. ಮೊನ್ನೆ ಗಿರಾಕಿಯೊಬ್ಬರು ಅದನ್ನು ಬೆರಳಿಂದ ಸವರಿ ನೋಡಿ, "ಒಳ್ಳೇ ಮರ. ಆದ್ರೆ ನಡುವೆ ಸವೆದು ಹಳ್ಳ ಬಿದ್ದಿದೆಯಲ್ಲ. ಕೀಸಿ ಕೊಡ್ತೀರಾ?" ಅಂದರು.

"ಅದು ಮಾರೋದಲ್ಲ" ಅಂದೆ. "ನನ್ನ ಮಗಳು ಸವೆಸಿದ್ದು."